ತಪಸ್ಸು ಕಾಲದ ಬಿಸಿಲಿನಲ್ಲಿ ಮದುವೆ ಕೇಕಿನ ಕಂಬಗಳು

ಮಂಗಳೂರಿಗೆ ಬಂದ ನೆಂಟರಿಗೆ ತೋರಿಸಲಿಕ್ಕೆ ನಮ್ಮಲ್ಲಿ ಒಂದು ಸಿದ್ಧ ಪಟ್ಟಿಯೇ ಉಂಟು. ಕದ್ರಿ ದೇವಸ್ಥಾನ, ಮಂಗಳಾದೇವಿ, ಪಣಂಬೂರು ಬೀಚು, ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್. ಹೊತ್ತು ಮಿಕ್ಕಿದರೆ ಒಂದು ಗಡ್‌ಬಡ್ ಐಸ್‌ಕ್ರೀಮು. ಈ ಪಟ್ಟಿಯಲ್ಲಿ ಎಲ್ಲೂ ಸೇರದ ಒಂದು ಜಾಗದ ಬಗ್ಗೆ ಬರೆಯಬೇಕೆಂದು ನನಗೆ ಬಹಳ ದಿನಗಳಿಂದ ಆಸೆ. ಅದು ಬಿಜೈಯ ಒಂದು ಹೆಂಚಿನ ಮನೆಯ ಅಂಗಳ. ಅದನ್ನು ನೋಡಬೇಕಾದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳಲ್ಲಿ, ಬೆಳಿಗ್ಗೆ ಹತ್ತು ಗಂಟೆಯ ನಂತರ ಹೋಗಬೇಕು. ಆಗ ಅಲ್ಲಿ ಹಪ್ಪಳ, ಸಂಡಿಗೆ ಒಣಗುವ ಜಾಗದಲ್ಲಿ ಬಿಳಿ ಬಿಳಿ ಕಂಬಗಳು, ಅಂಚಿನಲ್ಲಿ ಲೇಸಿನ ಚಿತ್ತಾರವಿರುವ ತಟ್ಟೆಗಳು, ಪುಟ್ಟ ಹಂಸಗಳು, ಗಂಟೆಗಳು, ಕಮಾನುಗಳು ಸಾಲಾಗಿ ಕೂತಿರುತ್ತವೆ. ಎಲ್ಲವೂ ಪ್ಲಾಸ್ಟಿಕ್. ಎಲ್ಲವೂ ಮದುವೆ ಕೇಕಿನ ಸಾಮಾನು.

ಹಂಪನಕಟ್ಟೆಯಿಂದ ಲಾಲ್‌ಬಾಗ್ ದಾಟಿ ಬಿಜೈ ಕಡೆಗೆ ಬಂದರೆ ಈಗ ಎರಡೂ ಬದಿಯಲ್ಲಿ ಎತ್ತರದ ಫ್ಲಾಟುಗಳು. ಆದರೆ ಮುಖ್ಯರಸ್ತೆ ಬಿಟ್ಟು ಒಳಗಿನ ಓಣಿಗೆ ತಿರುಗಿದರೆ ಹಳೆ ಮಂಗಳೂರು ಅಲ್ಲಲ್ಲಿ ಉಳಿದುಕೊಂಡಿದೆ. ಕೆಂಪು ಕಲ್ಲಿನ ಕಾಂಪೌಂಡು, ಗೇಟಿನ ಪಕ್ಕ ಪುಟ್ಟದೊಂದು ಶಿಲುಬೆ, ಬಾವಿಕಟ್ಟೆ, ಕಾಂಡದ ತುಂಬ ಕಾಯಿ ಬಿಟ್ಟ ಬಿಂಬುಳಿ ಮರ. ಅಂಥ ಒಂದು ಮನೆಯ ಬಾಯಿ ನಲವತ್ತು ವರ್ಷಕ್ಕೂ ಮಿಕ್ಕಿ ಮದುವೆ ಕೇಕು ಮಾಡಿಕೊಂಡು ಬಂದವರು. ಈಗ ಮೊಣಕಾಲು ನೋವು, ಕೇಕ್ ಮಾಡುವುದು ಕಡಿಮೆ. ಆದರೆ ಕೇಕಿನ ಸಾಮಾನನ್ನು ಬಾಡಿಗೆಗೆ ಕೊಡುವುದು ನಿಂತಿಲ್ಲ. ಅವರ ಮಗಳು ನಾನು ವಿಜ್ಞಾನ ಕಲಿಸುತ್ತಿದ್ದ ಹೈಸ್ಕೂಲಿನಲ್ಲೇ ಟೀಚರು. ಹಾಗಾಗಿ ನನಗೆ ಆ ಮನೆಯಲ್ಲಿ ಸಲುಗೆ. ಬಾಯಿಗೆ ನಾನು ‘ಟೀಚರ್’, ನನಗೆ ಅವರು ‘ಬಾಯಿ’.

ಘಟ್ಟದ ಮೇಲಿನ ಓದುಗರಿಗಾಗಿ ಸ್ವಲ್ಪ ವಿವರಿಸಬೇಕು. ಮಂಗಳೂರು ಕಡೆಯ ಕ್ರೈಸ್ತರ ಮದುವೆಯಲ್ಲಿ ಹಿಂದಿನ ದಿನ ‘ರೋಸ್’ ಇರುತ್ತದೆ. ಮದುಮಗಳಿಗೂ ಮದುಮಗನಿಗೂ ಅವರವರ ಮನೆಯಲ್ಲಿ ತೆಂಗಿನಹಾಲು ಹಚ್ಚಿ ಸ್ನಾನ ಮಾಡಿಸುವ ಶಾಸ್ತ್ರ. ನಮ್ಮ ಅರಿಶಿನದ ಎಣ್ಣೆಯಂತೆಯೇ. ಮರುದಿನ ಇಗರ್ಜಿಯಲ್ಲಿ ಮದುವೆ, ಬಳಿಕ ಹಾಲ್‌ನಲ್ಲಿ ರಿಸೆಪ್ಶನ್. ಅಲ್ಲಿ ವೇದಿಕೆಯ ಒಂದು ಬದಿಗೆ ಕೇಕು. ಕೆಳಗೆ ದೊಡ್ಡದು, ಅದರ ಮೇಲೆ ನಾಲ್ಕು ಕಂಬ, ಕಂಬದ ಮೇಲೊಂದು ತಟ್ಟೆ, ತಟ್ಟೆಯ ಮೇಲೆ ಚಿಕ್ಕ ಕೇಕು, ಮತ್ತೆ ಕಂಬ, ಮತ್ತೆ ತಟ್ಟೆ, ತುದಿಯಲ್ಲಿ ಮದುಮಗ ಮದುಮಗಳ ಗೊಂಬೆ ಅಥವಾ ಜೋಡಿ ಹಂಸ. ಮಂಟಪದ ಹಾಗೆಯೇ ಇದೂ ಒಂದು ಕಟ್ಟೋಣ. ನಾವು ಬಾಳೆಕಂಬ ನಿಲ್ಲಿಸುತ್ತೇವೆ, ಇವರದು ಕೇಕಿನ ಕಂಬ, ಅಷ್ಟೇ.

ಈ ಪದ್ಧತಿಯ ಬೇರು ಇಂಗ್ಲೆಂಡಿನಲ್ಲಿದೆ. 1840ರಲ್ಲಿ ರಾಣಿ ವಿಕ್ಟೋರಿಯಾಳ ಮದುವೆಗೆ ಸುಮಾರು 300 ಪೌಂಡು ತೂಕದ ಕೇಕು ಮಾಡಿದ್ದರು. ಮೊಟ್ಟೆಯ ಬಿಳಿ ಮತ್ತು ಸಕ್ಕರೆ ಪುಡಿ ಸೇರಿಸಿ ಮಾಡುವ, ಒಣಗಿದ ಮೇಲೆ ಸುಣ್ಣದ ಗಾರೆಯಂತೆ ಗಟ್ಟಿಯಾಗುವ ಲೇಪಕ್ಕೆ ‘ರಾಯಲ್ ಐಸಿಂಗ್’ ಎಂದು ಹೆಸರು. ಅಂತಸ್ತಿನ ಮೇಲೆ ಅಂತಸ್ತು ಬಂದಾಗಲೂ ಮೊದಮೊದಲು ಕೆಳಗಿನದು ಮಾತ್ರ ನಿಜ ಕೇಕು, ಮೇಲಿನದು ಬರೀ ಸಕ್ಕರೆಯ ಅಲಂಕಾರ. ಎರಡನೇ ಮಹಾಯುದ್ಧದಲ್ಲಿ ಸಕ್ಕರೆಗೆ ತತ್ವಾರ ಬಂದಾಗ 1940ರಲ್ಲಿ ಬ್ರಿಟನ್ನಿನಲ್ಲಿ ಕೇಕಿಗೆ ಐಸಿಂಗ್ ಹಾಕುವುದನ್ನೇ ನಿಷೇಧಿಸಿದ್ದರು. ಆಗ ಸಣ್ಣದೊಂದು ಕೇಕಿನ ಮೇಲೆ ರಟ್ಟಿನ ಬಿಳಿ ಕೇಕಿನಾಕಾರ ಮುಚ್ಚಿಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆ ರಟ್ಟಿನ ಹೊದಿಕೆಗಳೂ ಬಾಡಿಗೆಗೆ ಸಿಗುತ್ತಿದ್ದವು. ಅಂದರೆ ಬಾಯಿಯ ಕಸುಬಿಗೆ ಸಾಕಷ್ಟು ಹಳೆಯ ವಂಶಾವಳಿ ಉಂಟು!

ನಮ್ಮಲ್ಲಿಯೂ ಮೇಲಿನ ಅಂತಸ್ತುಗಳು ಹೆಚ್ಚಾಗಿ ಥರ್ಮೋಕೋಲಿನವು. ಅದರ ಮೇಲೆ ಐಸಿಂಗ್ ಬಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕೆಳಗಿನದು ಮಾತ್ರ ಒಣದ್ರಾಕ್ಷಿ, ಗೇರುಬೀಜ ತುಂಬಿದ ಪ್ಲಮ್ ಕೇಕು. ಅದಕ್ಕೆ ಹೊದೆಸುವ ಮಾರ್ಝಿಪಾನನ್ನು ಬೇರೆ ಕಡೆ ಬಾದಾಮಿಯಲ್ಲಿ ಮಾಡಿದರೆ ನಮ್ಮ ಊರಲ್ಲಿ ಗೇರುಬೀಜದ್ದು. ತಿನ್ನುವ ಕೇಕು ಆಯಾ ಮದುವೆಗೆ ಮುಗಿಯಿತು. ಕಂಬ, ತಟ್ಟೆ, ಹಂಸ ಮಾತ್ರ ಒಂದು ಮದುವೆಯಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತವೆ. ಬಾಯಿಯ ಹಳೆಯ ಸೆಟ್ಟುಗಳಲ್ಲಿ ಕೆಲವನ್ನು ಮುಂಬಯಿಯ ಕ್ರಾಫರ್ಡ್ ಮಾರ್ಕೆಟಿನಿಂದ ತಂದದ್ದು, ಕೆಲವನ್ನು ಗಲ್ಫಿಗೆ ಹೋದವರು ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಇಟ್ಟು ತಂದುಕೊಟ್ಟದ್ದು. “ಚಿನ್ನ ತಂದವರು ಅವರ ಮನೆಗೆ ತಂದ್ರು ಟೀಚರ್. ಕಂಬ ತಂದವರು ಊರಿಗೇ ತಂದ್ರು” ಎಂದು ಬಾಯಿ ನಗುತ್ತಾರೆ.

ಬಿಸಿಲು ಉಂಟು, ಮದುವೆ ಇಲ್ಲ

ಈ ಕೆಲಸಕ್ಕೆ ತಪಸ್ಸು ಕಾಲವೇ ಯಾಕೆ? ವಿಭೂತಿ ಬುಧವಾರದಿಂದ ಈಸ್ಟರ್ ತನಕ ಕ್ರೈಸ್ತರಲ್ಲಿ ಸಾಮಾನ್ಯವಾಗಿ ಮದುವೆಯ ಸಂಭ್ರಮ ಇಟ್ಟುಕೊಳ್ಳುವುದಿಲ್ಲ. ಸಾಮಾನೆಲ್ಲ ಮನೆಗೆ ವಾಪಸ್ಸು ಬಂದಿರುತ್ತದೆ. ಈಸ್ಟರ್ ಕಳೆದ ಕೂಡಲೇ ಏಪ್ರಿಲ್, ಮೇ ತಿಂಗಳ ಮದುವೆಗಳ ಸಾಲು. ಅದು ಮುಗಿಯುವಷ್ಟರಲ್ಲಿ ಮಳೆ. ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮ ಊರಲ್ಲಿ ಬಟ್ಟೆ ಒಣಗುವುದೇ ಕಷ್ಟ, ಇನ್ನು ಕಂಬಗಳನ್ನು ಬಿಸಿಲಿಗಿಡುವುದೆಲ್ಲಿ? ಹಾಗಾಗಿ ವರ್ಷದಲ್ಲಿ ಬಿಸಿಲು ಖಡಕ್ಕಾಗಿದ್ದು, ಕೈ ಖಾಲಿ ಇರುವ ಕಾಲ ಇದೊಂದೇ. ಪಂಚಾಂಗ ನೋಡಿ ಕೆಲಸ ಮಾಡುವುದು ನಮಗೆ ಹೊಸತಲ್ಲವಲ್ಲ.

ಮೊದಲ ದಿನ ಬರೀ ತೊಳೆಯುವ ಕೆಲಸ. ಬಾಯಿ ದೊಡ್ಡ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸಾಬೂನಿನ ನಾಲ್ಕು ಹನಿ ಹಾಕಿ ಎಲ್ಲವನ್ನೂ ಅರ್ಧ ಗಂಟೆ ಮುಳುಗಿಸಿಡುತ್ತಾರೆ. ಒಣಗಿದ ಐಸಿಂಗ್ ತಾನಾಗಿ ಕರಗುತ್ತದೆ, ಕೆರೆಯುವ ಅಗತ್ಯವಿಲ್ಲ. ಕಂಬದ ಗೀರುಗಳಿಗೆ ಹಳೆಯ ಮೆತ್ತಗಿನ ಹಲ್ಲುಜ್ಜುವ ಬ್ರಶ್ಶು. ಕುದಿಯುವ ನೀರು ಮಾತ್ರ ಕೂಡದು. ಈ ಗಟ್ಟಿ ಬಿಳಿ ಪ್ಲಾಸ್ಟಿಕ್ ಹೆಚ್ಚಾಗಿ ಪಾಲಿಸ್ಟೈರೀನ್. ನೀರು ಕುದಿಯುವಷ್ಟು ಬಿಸಿಗೆ ಅದು ಮೆತ್ತಗಾಗಿ ಸೊಟ್ಟಗಾಗುತ್ತದೆ. ಒಂದು ಕಂಬ ಕೂದಲೆಳೆಯಷ್ಟು ಬಾಗಿದರೂ ಮೇಲಿನ ತಟ್ಟೆ ವಾಲುತ್ತದೆ.

ಯಾವುದು ಪಾಲಿಸ್ಟೈರೀನ್ ಎಂದು ತಿಳಿಯಲಿಕ್ಕೆ ಬಾಯಿಗೆ ಅವರದೇ ಪರೀಕ್ಷೆ. ಬೆರಳಿನ ಗೆಣ್ಣಿನಿಂದ ತಟ್ಟಿದರೆ ತಗಡಿನ ಹಾಗೆ ‘ಟಿಣ್’ ಎನ್ನಬೇಕು. ನಾನು ಅದಕ್ಕೆ ನನ್ನ ಶಾಲೆಯ ಪರೀಕ್ಷೆಯನ್ನು ಸೇರಿಸಿದೆ. ಮುರಿದ ಒಂದು ಚೂರನ್ನು ನೀರಿಗೆ ಹಾಕಿದರೆ ಪಾಲಿಸ್ಟೈರೀನ್ ಮುಳುಗುತ್ತದೆ, ಪಾಲಿಪ್ರೊಪಿಲೀನ್ ಮತ್ತು ಪಾಲಿಥಿನ್ ತೇಲುತ್ತವೆ. ಬಾಯಿಯ ಕಂಬಗಳೂ ತಟ್ಟೆಗಳೂ ಮುಳುಗಿದವು, ಕೆಲವು ಹಂಸಗಳ ಚೂರು ತೇಲಿತು. ಕಂಬದ ಮೇಲೆ ಕೂರುವ ಥರ್ಮೋಕೋಲ್ ಕೂಡ ಪಾಲಿಸ್ಟೈರೀನೇ. ಒಳಗೆ ಗಾಳಿ ತುಂಬಿ ಉಬ್ಬಿಸಿದ್ದರಿಂದ ಅದು ತೇಲುತ್ತದೆ. “ಹೌದಾ? ಇಷ್ಟು ವರ್ಷ ಅಕ್ಕನ ತಲೆ ಮೇಲೆ ತಂಗಿಯನ್ನೇ ಕೂರಿಸಿದ್ದು ಹಾಗಾದ್ರೆ!” ಎಂದರು ಬಾಯಿ.

ತೊಳೆದು ಒರೆಸಿದ ಮೇಲೆ ವಿಂಗಡಣೆ. ಹಳದಿಯಲ್ಲಿ ಮೂರು ತರ. ಮೊದಲನೆಯದು ಧೂಳು, ಅಡುಗೆಮನೆಯ ಹೊಗೆ ಕೂತದ್ದು. ಇದು ಸಾಬೂನಿಗೆ ಹೋಗುತ್ತದೆ. ಎರಡನೆಯದು ಬೆಣ್ಣೆ, ಡಾಲ್ಡಾ ಜಿಡ್ಡಿನ ತೆಳು ಪದರ ಹಳತಾಗಿ ಗಟ್ಟಿಯಾದದ್ದು. ಇದಕ್ಕೆ ಬೇಕಿಂಗ್ ಸೋಡಾವನ್ನು ನೀರಿನಲ್ಲಿ ಕಲಸಿ, ಹತ್ತಿಬಟ್ಟೆಯಲ್ಲಿ ಮೆಲ್ಲಗೆ ಉಜ್ಜಬೇಕು. ಹೊಳಪು ಬೇಕಾದ ಕಡೆ ಉಜ್ಜುವುದು ಬೇಡ, ಗೀರು ಬೀಳುತ್ತದೆ. ಮೂರನೆಯದು ಪ್ಲಾಸ್ಟಿಕ್ಕೇ ಹಳದಿಯಾದದ್ದು. ಬೆಳಕಿನಲ್ಲಿರುವ ಅತಿನೇರಳೆ ಕಿರಣ ಮತ್ತು ಗಾಳಿಯ ಆಮ್ಲಜನಕ ಸೇರಿ ಅದರ ಮೇಲ್ಪದರವನ್ನು ವರ್ಷಗಟ್ಟಲೆ ಬದಲಾಯಿಸಿರುತ್ತವೆ. ತಟ್ಟೆಯ ಅಡಿಯ ಸ್ಟಿಕ್ಕರನ್ನು ಬಾಯಿ ಕಿತ್ತು ತೋರಿಸಿದರು. ಅದರ ಕೆಳಗೆ ಮಲ್ಲಿಗೆಯಷ್ಟು ಬಿಳಿ, ಸುತ್ತಲೂ ಹಳೆ ಕಾಗದದ ಬಣ್ಣ. ಇಂಥ ಹಳದಿ ಯಾವ ಸಾಬೂನಿಗೂ ಹೋಗುವುದಲ್ಲ.

ಒಬ್ಬ ತಾಯಿಯ ಬೇಡಿಕೆ

ಕಳೆದ ಸಲ ನಾನು ಹೋದಾಗ ಬಾಯಿಯ ಮುಂದೆ ಒಂದು ಹಳೆ ಆಲ್ಬಮ್ ತೆರೆದಿತ್ತು. ಗಲ್ಫಿನಲ್ಲಿರುವ ಒಬ್ಬ ಹೆಣ್ಣುಮಗಳು ಊರಿಗೆ ಬಂದಾಗ ಬಿಟ್ಟುಹೋದದ್ದು. ಅವಳ ಮದುವೆಗೆ ಕೇಕು ಮಾಡಿದವರು ಬಾಯಿಯೇ. ಮೂವತ್ತು ವರ್ಷ ದಾಟಿದೆ. ಈಗ ಅವಳ ಮಗಳ ಮದುವೆ, ಈಸ್ಟರ್ ಕಳೆದ ಎರಡನೇ ವಾರ. ಗಂಡ ತೀರಿಕೊಂಡು ನಾಲ್ಕು ವರ್ಷವಾಯಿತು. ಫೋಟೋದಲ್ಲಿ ಗಂಡಹೆಂಡತಿ ಇಬ್ಬರೂ ಒಂದೇ ಚೂರಿ ಹಿಡಿದು ನಿಂತಿದ್ದಾರೆ, ಹಿಂದೆ ಮೂರು ಅಂತಸ್ತಿನ ಕೇಕು. ಅವಳು ಕೇಳಿದ್ದು ಇಷ್ಟೇ: “ಬಾಯಿ, ಆ ಕಂಬ ಇನ್ನೂ ಇದ್ರೆ ನನ್ನ ಮಗಳಿಗೂ ಅದನ್ನೇ ಇಡಿ. ಅವಳ ಡ್ಯಾಡಿ ಇದ್ದ ಹಾಗೆ ಆಗ್ತದೆ.”

ಕಂಬ ಇತ್ತು. ಅಟ್ಟದ ಮೇಲೆ ತಗಡಿನ ಪೆಟ್ಟಿಗೆಯಲ್ಲಿ ಎಂಟೂ ಇದ್ದವು. ಗ್ರೀಕರ ದೇವಾಲಯದ ಕಂಬದ ಹಾಗೆ ಉದ್ದುದ್ದ ಗೀರಿನವು, ಐದು ಇಂಚು ಎತ್ತರ. ಕತ್ತಲಲ್ಲೇ ಇದ್ದರೂ ಹಳದಿಯಾಗಿದ್ದವು. ಅದಕ್ಕೂ ಮುಂಚೆ ಎಷ್ಟೋ ವರ್ಷ ಗಾಜಿನ ಕಪಾಟಿನಲ್ಲಿ ಕಿಟಕಿಯ ಬೆಳಕಿಗೆ ಇದ್ದವಲ್ಲ. ಒಮ್ಮೆ ಶುರುವಾದ ಬದಲಾವಣೆ ಕತ್ತಲಲ್ಲೂ ನಿಧಾನವಾಗಿ ನಡೆಯುತ್ತದೆ. ಆದರೆ ತೊಂದರೆ ಬಣ್ಣದ್ದಲ್ಲ. ಬಾಯಿಯ ಮೊಮ್ಮಗ ಒಂದೊಂದೇ ಕಂಬದೊಳಗೆ ಮೊಬೈಲ್ ಟಾರ್ಚು ಹಾಕಿ ತಿರುಗಿಸಿದ. ಮೂರರಲ್ಲಿ ಬೆಳ್ಳಿಯ ಕೂದಲಿನಂಥ ಗೆರೆಗಳು ಹೊಳೆದವು. ಅವು ಬಿರುಕುಗಳು. ಹಳೆಯ ಪಾಲಿಸ್ಟೈರೀನ್ ಹಳದಿಯಾಗುವುದರ ಜೊತೆಗೆ ಪೆಡಸೂ ಆಗುತ್ತದೆ. ಹೊರಗೆ ನೋಡಲಿಕ್ಕೆ ಗಟ್ಟಿ, ಭಾರ ಬಿದ್ದರೆ ಒಂದು ಮುನ್ಸೂಚನೆಯೂ ಇಲ್ಲದೆ ಮುರಿಯುತ್ತದೆ. ರಿಸೆಪ್ಶನ್ ನಡುವೆ ಕೇಕು ಕುಸಿದರೆ? ಗಂಡನ ನೆನಪಿಗೆಂದು ಕೇಳಿದ ಕಂಬವೇ ಮಗಳ ಮದುವೆಯಲ್ಲಿ ಮುರಿದರೆ ಆ ತಾಯಿಗೆ ಹೇಗಾಗಬೇಡ?

“ಹೊಸತು ಸಾವಿರ ಸಿಗ್ತದೆ ಗ್ರ್ಯಾಂಡ್‌ಮಾ, ಆನ್‌ಲೈನಲ್ಲಿ ಒತ್ತಿದ್ರೆ ನಾಡಿದ್ದು ಬರ್ತದೆ” ಎಂದ ಮೊಮ್ಮಗ.

“ಹೊಸತು ಬರ್ತದೆ ಮಗಾ. ಅವಳು ಕೇಳಿದ್ದು ಹೊಸತಲ್ಲ” ಎಂದರು ಬಾಯಿ. ಬಿರುಕಿನ ಮೂರನ್ನು ಬೇರೆ ತೆಗೆದಿಟ್ಟರು. ಉಳಿದದ್ದು ಐದು. ಅದರಲ್ಲಿ ನಾಲ್ಕು ಬೇಕು.

ಬಾಟಲಿಯಲ್ಲಿ ಬಿಸಿಲು

ಮುಂದಿನ ಉಪಾಯ ಮೊಮ್ಮಗನದೇ. ಅವನು ಎಂಜಿನಿಯರಿಂಗ್ ಓದುತ್ತಿದ್ದಾನೆ. ಹಳೆ ಕಂಪ್ಯೂಟರುಗಳ ಹುಚ್ಚು. 2008ರ ಸುಮಾರಿಗೆ ಅಂಥದೇ ಹುಚ್ಚಿನವರು ಹಳದಿಯಾದ ಕಂಪ್ಯೂಟರ್ ಪೆಟ್ಟಿಗೆ, ಕೀಬೋರ್ಡುಗಳನ್ನು ಬಿಳಿ ಮಾಡಲು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಡುವ ಕ್ರಮವನ್ನು ರೂಢಿಗೆ ತಂದರು. ಅದಕ್ಕೆ ‘ರೆಟ್ರೋಬ್ರೈಟ್’ ಎಂದು ಹೆಸರಿಟ್ಟರು. ಆ ಪೆಟ್ಟಿಗೆಗಳು ಎಬಿಎಸ್ ಎಂಬ ಪ್ಲಾಸ್ಟಿಕ್ಕಿನವು. ಅದರಲ್ಲೂ ಸ್ಟೈರೀನ್ ಒಂದು ಪಾಲು. ಪೆರಾಕ್ಸೈಡು ಬೆಳಕಿಗೆ ಒಡೆದು ಹೊರಬರುವ ಚುರುಕಾದ ಆಮ್ಲಜನಕ ಹಳದಿ ಬಣ್ಣದ ಅಣುಗಳನ್ನು ಮುರಿಯುತ್ತದೆ. ಕಡೆಗೆ ಉಳಿಯುವುದು ನೀರು ಮತ್ತು ಆಮ್ಲಜನಕ. ಊಟದ ಮೇಜಿಗೆ ಹೋಗುವ ಸಾಮಾನಾದ್ದರಿಂದ ಇದೊಂದು ಅನುಕೂಲ.

ಔಷಧಿ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ 6 ಶೇಕಡಾದ ದ್ರಾವಣ. ಅದಕ್ಕೆ ಅಷ್ಟೇ ನೀರು ಬೆರೆಸಿದರೆ 3 ಶೇಕಡಾ ಆಯಿತು. ಶುರುವಿಗೆ ಅದು ಸಾಕು. ದೊಡ್ಡ ಟಬ್ ತುಂಬಿಸಲಿಕ್ಕೆ ಹೋದರೆ ಬಾಟಲಿಗಟ್ಟಲೆ ಬೇಕು. ಬಾಯಿಯ ಜಾಣತನ ಕಾಣಿಸಿದ್ದು ಇಲ್ಲಿ. ಎರಡು ಲೀಟರಿನ ತಂಪು ಪಾನೀಯದ ಖಾಲಿ ಬಾಟಲಿಗಳ ಕುತ್ತಿಗೆ ಕತ್ತರಿಸಿ, ಒಂದೊಂದರಲ್ಲಿ ಒಂದೊಂದು ಕಂಬ ನಿಲ್ಲಿಸಿದರು. ಕಂಬ ಪೂರ್ತಿ ಮುಳುಗುವಷ್ಟೇ ದ್ರಾವಣ. ಕಂಬ ಟೊಳ್ಳಾದ್ದರಿಂದ ಒಳಗೆ ಗಾಳಿಗುಳ್ಳೆ ನಿಲ್ಲುತ್ತದೆ, ಒಮ್ಮೆ ಓರೆ ಮಾಡಿ ಅದನ್ನು ಬಿಡಿಸಬೇಕು. ತುದಿ ಹೊರಗೆ ಉಳಿದರೆ ಅಲ್ಲೊಂದು ಗೆರೆ ಮೂಡಿ ಎರಡು ಬಣ್ಣವಾಗುತ್ತದೆ. ಬಾಟಲಿಯ ಬಾಯಿಗೆ ತೆಳು ಪ್ಲಾಸ್ಟಿಕ್ ಹಾಳೆ ಸುಮ್ಮನೆ ಹೊದೆಸುವುದು, ಬಿಗಿಯಾಗಿ ಕಟ್ಟುವಂತಿಲ್ಲ. ಒಳಗೆ ಆಮ್ಲಜನಕ ಹುಟ್ಟುತ್ತಿರುತ್ತದೆ, ದಾರಿ ಇಲ್ಲದಿದ್ದರೆ ಸಿಡಿಯಬಹುದು.

ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಕಡ್ಡಾಯ. ಪೆರಾಕ್ಸೈಡು ಚರ್ಮಕ್ಕೆ ತಾಗಿದರೆ ಬೆಳ್ಳಗಾಗಿ ಉರಿಯುತ್ತದೆ. ಅಂಗಳದಲ್ಲಿ ಓಡಾಡುವ ಮಕ್ಕಳನ್ನೂ ಬೆಕ್ಕನ್ನೂ ದೂರ ಇಡಬೇಕು. ಇದಕ್ಕೆ ವಿನೆಗರನ್ನಾಗಲಿ, ಬಟ್ಟೆಯ ಬ್ಲೀಚನ್ನಾಗಲಿ ಬೆರೆಸಲೇಬಾರದು, ಅಪಾಯ. ಬರೀ ಬ್ಲೀಚಿನಲ್ಲಿ ನೆನೆಹಾಕುವ ಅಭ್ಯಾಸವೂ ಒಳ್ಳೆಯದಲ್ಲ, ಪ್ಲಾಸ್ಟಿಕ್ ಇನ್ನಷ್ಟು ಹಳದಿಯಾಗಬಹುದು. ಚಿನ್ನದ ಬಣ್ಣದ, ಬೆಳ್ಳಿ ಲೇಪದ ಅಂಚಿರುವ ತುಂಡುಗಳನ್ನೂ ಅಂಟಿಸಿದ ಮುತ್ತು, ಲೇಸು, ಬಟ್ಟೆಯ ಹೂಗಳನ್ನೂ ಇದಕ್ಕೆ ಹಾಕುವ ಹಾಗಿಲ್ಲ.

ಹತ್ತರಿಂದ ಮೂರರ ತನಕ ಬಿಸಿಲು, ಗಂಟೆಗೊಮ್ಮೆ ಬಾಟಲಿ ತಿರುಗಿಸುವುದು. ಬೆಳಕು ಎಲ್ಲ ಬದಿಗೂ ಸಮನಾಗಿ ಬೀಳದಿದ್ದರೆ ಅಮೃತಶಿಲೆಯ ಹಾಗೆ ಮಚ್ಚೆ ಮಚ್ಚೆ ಬರುತ್ತದೆ. ಕಂಬದ ಮೈಮೇಲೆಲ್ಲ ಸಣ್ಣ ಸಣ್ಣ ಗುಳ್ಳೆ, ಸೋಡಾ ಗ್ಲಾಸಿನಲ್ಲಿ ಇದ್ದಂತೆ. ಬಾಯಿ ಜಗಲಿಯಲ್ಲಿ ಕೂತು ಜಪಸರ ಎಣಿಸುತ್ತಿದ್ದರು. “ಐವತ್ತ್ಮೂರು ಮಣಿ, ಆಮೇಲೆ ಒಂದು ಸುತ್ತು ತಿರುಗಿಸುದು” ಎಂದು ನನಗೆ ಕಣ್ಣು ಮಿಟುಕಿಸಿದರು. ಸಂಜೆ ದ್ರಾವಣದಿಂದ ತೆಗೆದು, ಮೂರು ನಾಲ್ಕು ಸಲ ನೀರಿನಲ್ಲಿ ಜಾಲಿಸಿ, ನೆರಳಲ್ಲಿ ಒಣಗಿಸಿದೆವು. ಮರುದಿನ ಮತ್ತೆ ಅದೇ.

ಎರಡನೇ ದಿನ ಸಂಜೆ ಐದೂ ಕಂಬಗಳನ್ನು ಸ್ಟಿಕ್ಕರಿನಡಿಯ ಬಿಳಿಯ ಪಕ್ಕ ಇಟ್ಟು ನೋಡಿದೆವು. ಬೀಡಿ ಎಲೆಯ ಬಣ್ಣದಲ್ಲಿದ್ದವು ಹಾಲಿನ ಕೆನೆಯ ಬಣ್ಣಕ್ಕೆ ಬಂದಿದ್ದವು. ಪೂರ್ತಿ ಬಿಳಿ ಆಗಿರಲಿಲ್ಲ. ಮೊಮ್ಮಗನಿಗೆ ಇನ್ನೂ ಗಟ್ಟಿ ದ್ರಾವಣದಲ್ಲಿ ಇನ್ನೆರಡು ದಿನ ಇಡುವ ಆಸೆ. ಬಾಯಿ ಬೇಡವೆಂದರು. ಅತಿಯಾದರೆ ಮೇಲ್ಮೈ ಸೀಮೆಸುಣ್ಣದ ಹಾಗೆ ಮಂಕಾಗುತ್ತದೆ, ಹೊಳಪು ಹೋಗುತ್ತದೆ. ಅಲ್ಲದೆ ಈ ಬಿಳಿ ಶಾಶ್ವತವೂ ಅಲ್ಲ. ಕೆಲವು ವರ್ಷದಲ್ಲಿ ಹಳದಿ ಮತ್ತೆ ಬರುವುದುಂಟು. ಪೆಡಸಾದ ಪ್ಲಾಸ್ಟಿಕ್ಕನ್ನು ಪೆರಾಕ್ಸೈಡು ಮತ್ತೆ ಗಟ್ಟಿ ಮಾಡುವುದೂ ಇಲ್ಲ. ಬಣ್ಣ ತಿಳಿಯಾಗುತ್ತದೆ, ವಯಸ್ಸು ಹಾಗೆಯೇ ಇರುತ್ತದೆ.

“ಕಂಬ ಎಷ್ಟಕ್ಕೆ ಬಂತೋ ಅಷ್ಟಕ್ಕೆ ಬಿಡು. ಐಸಿಂಗನ್ನೇ ಕಂಬದ ಬಣ್ಣಕ್ಕೆ ತಂದ್ರಾಯ್ತು” ಎಂದರು ಬಾಯಿ. ನನಗೆ ಥಟ್ಟನೆ ಬಾವುಟಗುಡ್ಡೆಯ ಚಾಪೆಲ್ ನೆನಪಾಯಿತು. ಇಟಲಿಯ ಜೆಸ್ವಿಟ್ ಸೋದರ ಅಂತೋನಿಯೊ ಮೊಸ್ಕೇನಿ ಅಲ್ಲಿನ ಗೋಡೆ, ಮಾಡನ್ನೆಲ್ಲ ಚಿತ್ರಗಳಿಂದ ತುಂಬಿಸಿದ್ದು 1899ರಿಂದ ಶುರುವಾದ ಎರಡು ವರ್ಷಗಳಲ್ಲಿ. 1990ರ ದಶಕದಲ್ಲಿ ಇಂಟ್ಯಾಕ್ ತಜ್ಞರು ಅವುಗಳ ಜೀರ್ಣೋದ್ಧಾರ ಮಾಡಿದರು. ಹಳೆಯದನ್ನು ಉಳಿಸುವವರ ಮೊದಲ ಪಾಠವೇ ಎಲ್ಲಿ ಕೈ ತಡೆಯಬೇಕು ಎಂಬುದು. ಅದನ್ನು ಬಾಯಿ ಯಾವ ಶಾಲೆಯಲ್ಲಿ ಕಲಿತರೋ.

ಕಸಿಬಾರದ ಲಿಂಬೆಸಿಪ್ಪೆ, ಇಡಬಾರದ ನುಸಿಗುಳಿಗೆ

ನಮ್ಮ ಮನೆಗಳಲ್ಲಿ ಏನು ಹೊಳೆಯಬೇಕಾದರೂ ಹುಣಸೆಹುಳಿ, ಲಿಂಬೆಸಿಪ್ಪೆ. ಹಿತ್ತಾಳೆ ದೀಪಕ್ಕೆ ಅದು ಸರಿ. ಈ ಪ್ಲಾಸ್ಟಿಕ್ಕಿಗೆ ಲಿಂಬೆ, ಕಿತ್ತಳೆ ಸಿಪ್ಪೆ ತಿಕ್ಕಬೇಡಿ. ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೋನೀನ್ ಪಾಲಿಸ್ಟೈರೀನನ್ನು ಕರಗಿಸುತ್ತದೆ. ನಂಬಿಕೆ ಬಾರದಿದ್ದರೆ ಥರ್ಮೋಕೋಲಿನ ಚೂರಿನ ಮೇಲೆ ಕಿತ್ತಳೆ ಸಿಪ್ಪೆ ಹಿಂಡಿ ನೋಡಿ, ಚುಕ್ಕೆ ಚುಕ್ಕೆ ಗುಂಡಿ ಬೀಳುತ್ತದೆ. ಪೇಂಟಿನ ಥಿನ್ನರ್, ಉಗುರುಬಣ್ಣ ತೆಗೆಯುವ ದ್ರಾವಣ, ಪೆಟ್ರೋಲು ಇವುಗಳೂ ದೂರವಿರಲಿ. ಸ್ಟಿಕ್ಕರಿನ ಅಂಟು ಹೋಗಬೇಕಾದರೆ ಸಾಬೂನು ನೀರಿನ ಬಟ್ಟೆಯನ್ನು ಅದರ ಮೇಲೆ ಸ್ವಲ್ಪ ಹೊತ್ತು ಹಾಕಿಟ್ಟರೆ ಸಾಕು.

ಎತ್ತಿಡುವಾಗ ನಾವು ಅಭ್ಯಾಸಬಲದಿಂದ ಹಾಕುವ ನುಸಿಗುಳಿಗೆಯೂ ಬೇಡ. ನಾಫ್ತಲೀನಿನ ಆವಿ ಮುಚ್ಚಿದ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ಕಿನ ಮೈಯನ್ನು ಮೆತ್ತಗೆ ಮಾಡುತ್ತದೆ. ಸೋಫಾ ಕವರಿನಂಥ ಮೆತ್ತನೆಯ ಪಿವಿಸಿ ಚೀಲದಲ್ಲಿ ಸುತ್ತಿಟ್ಟರೂ ಅದರ ಮೃದುಕಾರಕ ಎಣ್ಣೆ ಜಿನುಗಿ ಕಂಬಕ್ಕೆ ಅಂಟಿಕೊಳ್ಳುತ್ತದೆ. ಪೇಪರಿನ ಮಸಿಯೂ ಇಳಿಯುತ್ತದೆ. ಹಳೆಯ ಹತ್ತಿ ಪಂಚೆ, ಸೀರೆಯ ತುಂಡು ಎಲ್ಲಕ್ಕಿಂತ ಒಳ್ಳೆಯದು. ಒಂದರ ಮೇಲೊಂದು ತಟ್ಟೆ ಇಡುವಾಗ ನಡುವೆ ಬಟ್ಟೆ, ಕಂಬಗಳು ಮಲಗಿದ ಹಾಗೆ, ಮೇಲೆ ಭಾರ ಇಲ್ಲ. ಸಕ್ಕರೆಯ ಒಂದು ಕಣ ಉಳಿದರೂ ಮಳೆಗಾಲದಲ್ಲಿ ಇರುವೆ ಬಂದೇ ಬರುತ್ತದೆ, ಹಾಗಾಗಿ ಕಡೆಯ ಬಾರಿ ಬರೀ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಪೆಟ್ಟಿಗೆಗೆ.

ಕಂಬ ಎಷ್ಟು ಹೊರಬಹುದು?

ಹದಿನೈದು ದಿನ ಬಿಟ್ಟು ಆ ತಾಯಿ ಊರಿಗೆ ಬಂದವಳು ನೇರ ಬಿಜೈಗೇ ಬಂದಳು. ನಾನೂ ಅಲ್ಲಿದ್ದೆ. ಕಂಬಗಳನ್ನು ಮಡಿಲಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು, “ಮೂರೂ ಅಂತಸ್ತು ನಿಜ ಕೇಕೇ ಮಾಡುವ ಬಾಯಿ. ನೆಂಟರು ತುಂಬ ಜನ. ಖರ್ಚಿನ ಚಿಂತೆ ಬೇಡ.”

ಬಾಯಿ ತಲೆಯಾಡಿಸಿದರು. “ಆಗ್ಲಿಕ್ಕಿಲ್ಲ ಮಗಾ. ಈ ಕಂಬಕ್ಕೆ ಮೂವತ್ತು ವರ್ಷ ದಾಟಿತು. ಥರ್ಮೋಕೋಲ್ ಹೊರ್ತದೆ, ಐದು ಕಿಲೋ ಕೇಕ್ ಹೊರುದಿಲ್ಲ. ಹೊರ್ತದೆ ಅಂತ ನಾನು ಹೇಳಿದ್ರೆ ಸುಳ್ಳಾಗ್ತದೆ.”

“ಹಾಗಾದ್ರೆ ಆಗಿನ ಹಾಗೆ ಕಾಣುದಿಲ್ವಲ್ಲ ಬಾಯಿ? ಫೋಟೋದಲ್ಲಿ ಎಂಟು ಕಂಬ ಉಂಟು.”

ಅವಳ ಕಣ್ಣು ತುಂಬಿತ್ತು. ಬಾಯಿ ಆಲ್ಬಮ್ ತೆಗೆದು ಬೆರಳಿಟ್ಟು ತೋರಿಸಿದರು. ಕೆಳಗಿನ ಎರಡು ಅಂತಸ್ತು ಒಂದರ ಮೇಲೊಂದು ನೇರ ಕೂರಲಿ, ಎರಡೂ ನಿಜ ಕೇಕೇ ಇರಲಿ. ಮೇಲಿನದಕ್ಕೆ ಆಧಾರವಾಗಿ ಕೆಳಗಿನ ಕೇಕಿನೊಳಗೆ ಸ್ವಚ್ಛ ಮಾಡಿದ ಮರದ ಕಡ್ಡಿಗಳನ್ನು ಊರುವುದು. ಅವುಗಳ ಮೇಲೆ ನಾಲ್ಕು ಹಳೆ ಕಂಬ, ಹೊಸ ತಟ್ಟೆ, ತುದಿಯಲ್ಲಿ ಹಗುರದ ಥರ್ಮೋಕೋಲ್ ಅಂತಸ್ತು. ತಿನ್ನುವ ಕೇಕಿಗೆ ಹಳೆ ಪ್ಲಾಸ್ಟಿಕ್ ನೇರ ತಾಗದಂತೆ ಕಂಬದ ಕೆಳಗೂ ಒಂದು ಹೊಸ ತಟ್ಟೆ. ಐಸಿಂಗ್ ಕೆನೆಬಣ್ಣ. ನೆಂಟರಿಗೆ ಸಾಲದೆ ಬಂದರೆ ಹಿಂದಿನ ಮೇಜಿನಲ್ಲಿ ಬೇರೆ ಕೇಕು ಕತ್ತರಿಸಿಟ್ಟಿದ್ದರಾಯಿತು, ಯಾರೂ ಲೆಕ್ಕ ಹಾಕುವುದಿಲ್ಲ. “ಎಂಟು ಇಲ್ಲ, ನಾಲ್ಕು ಉಂಟು. ಆದ್ರೆ ಅವತ್ತಿದ್ದ ನಾಲ್ಕೇ” ಎಂದರು. ಅವಳು ಫೋಟೋವನ್ನೂ ಕಂಬವನ್ನೂ ಮತ್ತೆ ಮತ್ತೆ ನೋಡಿ, ಸರಿ ಎಂದಳು.

ಮದುವೆಗೆ ನನಗೂ ಕರೆ ಇತ್ತು. ಹಾಲ್‌ನ ಬೆಳಕಿನಲ್ಲಿ ಕೆನೆಬಣ್ಣದ ಕೇಕಿನ ಮೇಲೆ ಕೆನೆಬಣ್ಣದ ಕಂಬ ಎಷ್ಟು ಹೊಂದಿಕೊಂಡಿತ್ತೆಂದರೆ ಅದು ಹಳದಿಯಾಗಿದ್ದ ಸಾಮಾನು ಎಂದು ಹೇಳದೆ ಗೊತ್ತಾಗುತ್ತಿರಲಿಲ್ಲ. ಕೇಕು ಕತ್ತರಿಸುವ ಮುಂಚೆ ಮದುಮಗಳು ಬಗ್ಗಿ ಒಂದು ಕಂಬವನ್ನು ಬೆರಳ ತುದಿಯಿಂದ ಮುಟ್ಟಿದಳು. ಅಷ್ಟೇ. ಬ್ಯಾಂಡಿನವರು ಶುರು ಮಾಡಿದರು, ಜನ ಎದ್ದು ನಿಂತರು.

ಬಿರುಕಿನ ಮೂರು ಕಂಬಗಳನ್ನು ಬಾಯಿ ಎಸೆದಿಲ್ಲ, ಬಾಡಿಗೆಗೂ ಕೊಡುವುದಿಲ್ಲ. ಬೇಸಿಗೆ ರಜೆಯಲ್ಲಿ ಐಸಿಂಗ್ ಕಲಿಯಲು ಬರುವ ಹುಡುಗಿಯರಿಗೆ ಅಳತೆ ತೋರಿಸಲು ಅವು ಬೇಕು. ಈ ಪ್ಲಾಸ್ಟಿಕ್ ಮಣ್ಣಿಗೆ ಹೋದರೆ ಕರಗುವುದಲ್ಲ ಎಂಬುದು ನಮಗೆಲ್ಲ ಗೊತ್ತು. ಹಾಗಿರುವಾಗ ಇರುವುದನ್ನು ಇನ್ನಷ್ಟು ಮದುವೆಗಳಿಗೆ ಎಳೆಯುವುದರಲ್ಲಿ ಒಂದು ಮರ್ಯಾದೆ ಇದೆ ಎಂದು ನನಗನ್ನಿಸುತ್ತದೆ. ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದು ಇರಬಹುದು, ಕೇಕಿನ ಕಂಬವೇ ಆಗಬೇಕೆಂದಿಲ್ಲ. ಇಳಿಸಿ, ಟಾರ್ಚು ಹಾಕಿ ನೋಡಿ. ಬಣ್ಣದ ಚಿಂತೆ ಆಮೇಲೆ, ಮೊದಲು ಬಿರುಕು ಹುಡುಕಿ.

ಮೇ ಕೊನೆಯ ವಾರ ಮೋಡ ಕಟ್ಟುವಾಗ ನಾನು ಮತ್ತೆ ಹೋಗಿದ್ದೆ. ಸಾಮಾನೆಲ್ಲ ಪೆಟ್ಟಿಗೆಗೆ ಹೋಗುವ ದಿನ. ಪಂಚೆಯ ತುಂಡಿನಲ್ಲಿ ಸುತ್ತಿದ ಕಟ್ಟಿನ ಮೇಲೆ ಬಾಯಿ ದಪ್ಪ ಅಕ್ಷರದಲ್ಲಿ ಬರೆದ ಚೀಟಿ ಕಟ್ಟುತ್ತಿದ್ದರು: ‘ಕಂಬ 4. ತೊಳೆದದ್ದು. ಥರ್ಮೋಕೋಲಿಗೆ ಮಾತ್ರ. ಕೆನೆಬಣ್ಣದ ಐಸಿಂಗ್ ಮಾಡಬೇಕು.’ ಯಾರಿಗೆ ಈ ಚೀಟಿ ಎಂದು ಕೇಳಿದೆ. “ನಾನಿಲ್ಲದಾಗ ಪೆಟ್ಟಿಗೆ ತೆಗೆಯುವವರಿಗೆ ಟೀಚರ್” ಎಂದು ಗಂಟು ಬಿಗಿದರು. ಹೊರಗೆ ಹೆಂಚಿನ ಮೇಲೆ ಮೊದಲ ಹನಿಗಳು ಬೀಳತೊಡಗಿದ್ದವು.